ಅಡುಗೆಮನೆಯ ಸಿಂಕಿನಿಂದ ಭೀಮೆಯವರೆಗೆ: ಡಿಸ್ಪೋಸರ್ ಯಂತ್ರದ ಬಳಕೆ ಮತ್ತು ಪಾಲನೆ

ಮನೆಯಿಂದ ಹೊರಬೀಳುವ ಕಸದಲ್ಲಿ ಎಲ್ಲಕ್ಕಿಂತ ಬೇಗ ಕೊಳೆಯುವುದು, ಬೇಗ ನಾರುವುದು ಮತ್ತು ಹೆಚ್ಚು ತೂಗುವುದು ಅಡುಗೆಮನೆಯ ಹಸಿಕಸ. ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದ ಅನ್ನ, ಚಹಾದ ಚರಟ, ಹಣ್ಣಿನ ತಿರುಳು ಇವುಗಳ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ ಇರುವುದರಿಂದ, ಇಂಥ ಕಸವನ್ನು ಲಾರಿಗೆ ಹೇರಿ ಊರಾಚೆಗೆ ಒಯ್ಯುವುದೆಂದರೆ ಬಹುಮಟ್ಟಿಗೆ ನೀರನ್ನೇ ಹೊತ್ತು ಸಾಗಿಸುವುದು. ಅದನ್ನು ಮನೆಯಲ್ಲೇ ಅರೆದು, ಪಾತ್ರೆ ತೊಳೆದ ನೀರಿನ ಜೊತೆಗೆ ಕೊಳವೆಯಲ್ಲಿ ಹರಿಯಬಿಡಬಹುದಲ್ಲ ಎಂಬ ಯೋಚನೆಯಿಂದ ಹುಟ್ಟಿದ್ದು ಸಿಂಕಿನ ತಳಕ್ಕೆ ಜೋಡಿಸುವ ಡಿಸ್ಪೋಸರ್ ಯಂತ್ರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಸೀನ್ ಪಟ್ಟಣದ ವಾಸ್ತುಶಿಲ್ಪಿ ಜಾನ್ ಹ್ಯಾಮ್ಸ್ 1927ರಲ್ಲಿ ಇದನ್ನು ರೂಪಿಸಿದರು. 1935ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1938ರಲ್ಲಿ ಅವರು ಕಟ್ಟಿದ ಇನ್‌ಸಿಂಕರೇಟರ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು.

ಭಾರತದ ಮಹಾನಗರಗಳ ಬಹುಮಹಡಿ ವಸತಿ ಸಂಕೀರ್ಣಗಳಲ್ಲಿ, ಅದರಲ್ಲೂ ಪುಣೆಯಂಥ ಊರಿನ ಹೊಸ ಬಡಾವಣೆಗಳಲ್ಲಿ, ಈ ಯಂತ್ರ ಈಗ ಅಡುಗೆಮನೆಯ ಸಲಕರಣೆಗಳ ಸಾಲಿಗೆ ಸೇರುತ್ತಿದೆ. ಅದನ್ನು ಕೊಳ್ಳುವಾಗ ಮೋಟಾರಿನ ಶಕ್ತಿ, ಬೆಲೆ, ಗ್ಯಾರಂಟಿ ಇವನ್ನೆಲ್ಲ ವಿಚಾರಿಸುವವರು, ಅರೆದ ಕಸ ಕೊಳವೆಯಲ್ಲಿ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ವಿರಳ. ಆದರೆ ಯಂತ್ರದ ಸರಿಯಾದ ಬಳಕೆ ಶುರುವಾಗುವುದೇ ಆ ಪ್ರಶ್ನೆಯಿಂದ. ಕಸವನ್ನು ಇಲ್ಲವಾಗಿಸುವ ಶಕ್ತಿ ಯಾವ ಯಂತ್ರಕ್ಕೂ ಇಲ್ಲ. ಡಿಸ್ಪೋಸರ್ ಮಾಡುವುದು ಘನ ರೂಪದ ಹೊರೆಯನ್ನು ನೀರಿನ ಹೊರೆಯಾಗಿ ಬದಲಿಸುವ ಕೆಲಸವನ್ನು ಮಾತ್ರ. ಆ ಹೊರೆಯನ್ನು ಹೊರಬಲ್ಲ ಕೊಳವೆ ಮತ್ತು ಶುದ್ಧೀಕರಣ ಘಟಕ ಹಿಂದಿದ್ದರೆ ಯಂತ್ರ ಉಪಕಾರಿ; ಇಲ್ಲದಿದ್ದರೆ ಅಡುಗೆಮನೆಯ ಸ್ವಚ್ಛತೆಗೆ ನದಿ ಬೆಲೆ ತೆರಬೇಕಾಗುತ್ತದೆ.

ಯಂತ್ರದ ಒಳಗೆ

ಡಿಸ್ಪೋಸರಿನೊಳಗೆ ಮಿಕ್ಸಿಯಲ್ಲಿರುವಂಥ ಹರಿತವಾದ ಬ್ಲೇಡುಗಳಿರುತ್ತವೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಹೆಚ್ಚಿನ ಯಂತ್ರಗಳಲ್ಲಿ ಕತ್ತರಿಸುವ ಅಲಗು ಒಂದೂ ಇರುವುದಿಲ್ಲ. ಸಿಂಕಿನ ರಂಧ್ರದ ಕೆಳಗೆ ಡಬ್ಬಿಯಾಕಾರದ ಒಂದು ಕೋಣೆ, ಅದರ ತಳದಲ್ಲಿ ಮೋಟಾರಿನಿಂದ ತಿರುಗುವ ಉಕ್ಕಿನ ತಟ್ಟೆ, ತಟ್ಟೆಯ ಮೇಲೆ ಸಡಿಲವಾಗಿ ಓಲಾಡುವ ಎರಡು ಲೋಹದ ತುಂಡುಗಳು, ಸುತ್ತಲೂ ಅಲುಗದೆ ನಿಂತ ಹಲ್ಲುಗಳುಳ್ಳ ಉಕ್ಕಿನ ಬಳೆ: ಇಷ್ಟೇ ಅದರ ಒಳರಚನೆ. ಓಲಾಡುವ ತುಂಡುಗಳಿಗೆ ಇಂಪೆಲ್ಲರ್ ಎಂದೂ ಹಲ್ಲಿನ ಬಳೆಗೆ ಗ್ರೈಂಡ್ ರಿಂಗ್ ಎಂದೂ ಹೆಸರು. ತಟ್ಟೆ ತಿರುಗಿದಾಗ ಇಂಪೆಲ್ಲರುಗಳು ಕಸವನ್ನು ಹೊರಮುಖವಾಗಿ ಚಿಮ್ಮಿಸಿ ಬಳೆಯ ಗೋಡೆಗೆ ಒತ್ತುತ್ತವೆ. ಬಳೆಯ ಹಲ್ಲುಗಳು ತುರಿಯುವ ಮಣೆಯಂತೆ ಅದನ್ನು ಸವೆಸುತ್ತ ಹೋಗುತ್ತವೆ. ಕಣಗಳು ಒಂದೆರಡು ಮಿಲಿಮೀಟರಿನಷ್ಟು ಸಣ್ಣವಾದ ಮೇಲೆ ನೀರಿನೊಂದಿಗೆ ಸಂದುಗಳ ಮೂಲಕ ಕೆಳಕ್ಕೆ ಇಳಿಯುತ್ತವೆ.

ಈ ಒತ್ತಡ ಎಷ್ಟೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಚಕ್ರಗಳಂತೆ ಹರಿಯುವುದರಿಂದ, ನಾಲ್ಕು ಧ್ರುವಗಳ ಸಾಮಾನ್ಯ ಇಂಡಕ್ಷನ್ ಮೋಟಾರು ನಿಮಿಷಕ್ಕೆ ಸುಮಾರು 1,425 ಸುತ್ತು ತಿರುಗುತ್ತದೆ. ತಟ್ಟೆಯ ತ್ರಿಜ್ಯ 8 ಸೆಂಟಿಮೀಟರ್ ಎಂದು ಹಿಡಿದರೆ ಅದರ ಅಂಚು ಗಂಟೆಗೆ 43 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ಮತ್ತು ಅಲ್ಲಿರುವ ಕಸದ ತುಣುಕು ತನ್ನ ತೂಕದ ಸುಮಾರು 180 ಪಟ್ಟು ಬಲದಿಂದ ಬಳೆಗೆ ಒತ್ತಿಕೊಳ್ಳುತ್ತದೆ. ಹತ್ತು ಗ್ರಾಂ ಗಜ್ಜರಿ ತುಂಡೊಂದು ಎರಡು ಕಿಲೋಗೂ ಸ್ವಲ್ಪ ಕಡಿಮೆ ತೂಕದ ವಸ್ತು ಒತ್ತುವಷ್ಟು ಬಲದಿಂದ ಹಲ್ಲುಗಳಿಗೆ ಒತ್ತಿಕೊಂಡರೆ ಅದು ಕ್ಷಣಗಳಲ್ಲಿ ಪುಡಿಯಾಗುವುದು ಸಹಜ. ಯಂತ್ರಕ್ಕೆ ಹರಿತ ಬೇಕಿಲ್ಲದಿರುವುದರ, ಮತ್ತು ವರ್ಷಗಟ್ಟಲೆ ಸಾಣೆ ಹಿಡಿಯದೆ ಅದು ನಡೆಯುವುದರ ಗುಟ್ಟು ಇದೇ.

ಅದರ ಮಿತಿಗಳೂ ಇದೇ ತತ್ತ್ವದಿಂದ ಹುಟ್ಟುತ್ತವೆ. ಗಟ್ಟಿಯಾಗಿ ಒಡೆಯುವಂಥದ್ದನ್ನು ಸವೆಸುವುದು ಈ ಯಂತ್ರಕ್ಕೆ ಸುಲಭ. ಉದ್ದವಾಗಿ ಬಾಗುವ ನಾರನ್ನು ತುಂಡರಿಸುವುದು ಕಷ್ಟ, ಏಕೆಂದರೆ ನಾರು ಹಲ್ಲಿಗೆ ಒತ್ತಿಕೊಂಡು ನಿಲ್ಲದೆ ಇಂಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ವಿದೇಶದಲ್ಲಿರುವ ಬಂಧುಗಳಿಂದ ಯಂತ್ರ ತರಿಸಿಕೊಳ್ಳುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದ ಯಂತ್ರಗಳು 120 ವೋಲ್ಟ್ ಮತ್ತು 60 ಹರ್ಟ್ಸ್ ವಿದ್ಯುತ್ತಿಗಾಗಿ ತಯಾರಾದವು. ಅವನ್ನು ಇಲ್ಲಿನ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟುಹೋಗುತ್ತದೆ.

ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು

ತಯಾರಕರ ಕೈಪಿಡಿಗಳು ಬಹುಪಾಲು ಪಾಶ್ಚಾತ್ಯ ಅಡುಗೆಮನೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದಂಥವು. ಪುಣೆಯ ಅಥವಾ ಧಾರವಾಡದ ಅಡುಗೆಮನೆಯ ಕಸ ಬೇರೆಯದೇ ಸ್ವಭಾವದ್ದಾದ್ದರಿಂದ, ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ನೋಡುವುದು ಉಪಯುಕ್ತ.

ಮೊದಲನೆಯದು ನಾರು. ನುಗ್ಗೆಕಾಯಿಯ ಜಗಿದ ಸಿಪ್ಪೆ, ಬಾಳೆದಿಂಡು, ಬಾಳೆಹಣ್ಣಿನ ಸಿಪ್ಪೆ, ಬಾಳೆಎಲೆ, ತೆಂಗಿನ ನಾರು, ಮೆಕ್ಕೆಜೋಳದ ತೆನೆಯ ಸಿಪ್ಪೆ ಮತ್ತು ರೇಷ್ಮೆ, ಹುಣಸೆಹಣ್ಣು ಕಿವುಚಿ ಉಳಿದ ನಾರು, ಕಬ್ಬಿನ ಸಿಪ್ಪೆ, ಕೊತ್ತಂಬರಿ ಮತ್ತು ಮೆಂತ್ಯದ ದಂಟು, ಈರುಳ್ಳಿಯ ಒಣ ಸಿಪ್ಪೆ, ಕರಿಬೇವಿನ ಕಡ್ಡಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವು ಯಂತ್ರದಲ್ಲಿ ಸುತ್ತಿಕೊಳ್ಳುತ್ತವೆ. ಯಂತ್ರ ದಾಟಿದರೂ ಕೊಳವೆಯ ಬಾಗಿನಲ್ಲಿ ಹೆಣೆದುಕೊಂಡು ಬಲೆಯಾಗುತ್ತವೆ, ಮತ್ತು ಮುಂದೆ ಬರುವ ಕಣಗಳು ಆ ಬಲೆಗೆ ಸಿಕ್ಕಿ ಕೊಳವೆ ಕಟ್ಟಿಕೊಳ್ಳುತ್ತದೆ. ದೇವರ ಮನೆಯ ನಿರ್ಮಾಲ್ಯವೂ ಇದೇ ಜಾತಿಗೆ ಸೇರಿದ್ದು. ಹೂವಿನ ತೊಟ್ಟಿನ ಜೊತೆಗೆ ದಾರವೂ ಇರುವುದರಿಂದ ಅದರ ಅಪಾಯ ಇನ್ನೂ ಹೆಚ್ಚು.

ಎರಡನೆಯದು ಗಟ್ಟಿ ಬೀಜ ಮತ್ತು ಮೂಳೆ. ಆಪೂಸು ಮಾವಿನ ಕಾಲದಲ್ಲಿ ಪುಣೆಯ ಮನೆಮನೆಯಲ್ಲೂ ರಾಶಿ ಬೀಳುವ ಗೊರಟೆಗಳು, ತೆಂಗಿನ ಚಿಪ್ಪಿನ ಚೂರು, ಕುರಿ ಮಾಂಸದ ದಪ್ಪ ಮೂಳೆ ಇವು ಮನೆಬಳಕೆಯ ಅರ್ಧ ಅಥವಾ ಮುಕ್ಕಾಲು ಅಶ್ವಶಕ್ತಿಯ ಯಂತ್ರಕ್ಕೆ ಸಲ್ಲವು. ಗೊರಟೆ ಗಟ್ಟಿಯಾಗಿರುವುದರ ಜೊತೆಗೆ ಮೈಯೆಲ್ಲ ನಾರನ್ನೂ ಹೊತ್ತಿರುವುದರಿಂದ ಅದು ಎರಡು ಬಗೆಯಲ್ಲೂ ಅಯೋಗ್ಯ. ಮೀನಿನ ಸಣ್ಣ ಮುಳ್ಳು, ಮೊಟ್ಟೆಯ ಚಿಪ್ಪು ಅರೆಯಲ್ಪಡುತ್ತವೆ, ಆದರೆ ಚಿಪ್ಪಿನ ಪುಡಿ ಮರಳಿನಂತೆ ಭಾರವಾದ್ದರಿಂದ ಸಾಕಷ್ಟು ನೀರು ಹರಿಸದಿದ್ದರೆ ಕೊಳವೆಯ ತಳದಲ್ಲಿ ಕೂರುತ್ತದೆ.

ಮೂರನೆಯದು ಪಿಷ್ಟ. ಅನ್ನ, ಅವಲಕ್ಕಿ, ಶಾವಿಗೆ, ಕಲಸಿದ ಕಣಕ ಇವು ಮೆತ್ತಗಿರುವುದರಿಂದ ನಿರಪಾಯವೆಂದು ತೋರಬಹುದು. ಆದರೆ ಬೆಂದ ಪಿಷ್ಟ ನೀರು ಹೀರಿ ಉಬ್ಬುತ್ತದೆ, ಅರೆದಾಗ ಅಂಟಾಗುತ್ತದೆ, ತಣಿದಾಗ ಬಿಗಿಯಾಗುತ್ತದೆ. ಗೋದಿ ಕಣಕದಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನು ರಬ್ಬರಿನ ಎಳೆಗಳಂತೆ ಬೆಸೆದುಕೊಳ್ಳುತ್ತದೆ. ತಟ್ಟೆಯಲ್ಲಿ ಉಳಿದ ಒಂದು ಹಿಡಿ ಅನ್ನವನ್ನು ಧಾರಾಳ ನೀರಿನೊಂದಿಗೆ ಅರೆಯಬಹುದು, ಪಾತ್ರೆಯಲ್ಲಿ ಉಳಿದ ಹಳಸಿದ ಅನ್ನವನ್ನೆಲ್ಲ ಒಮ್ಮೆಗೇ ಸುರಿಯಬಾರದು.

ನಾಲ್ಕನೆಯದು ಮತ್ತು ಅತ್ಯಂತ ಕೆಡುಕಿನದು ಜಿಡ್ಡು. ಕರಿದ ಎಣ್ಣೆ, ತುಪ್ಪದ ಗಸಿ, ವನಸ್ಪತಿ, ಮಾಂಸದ ಕೊಬ್ಬು ಇವು ಬಿಸಿಯಿರುವಾಗ ದ್ರವ, ತಣಿದಾಗ ಅಂಟು ಅಥವಾ ಘನ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೇ ಹೆಪ್ಪುಗಟ್ಟುವುದರಿಂದ, ಕರಾವಳಿಯಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಮನೆಗಳಲ್ಲಿ ಊರಿನಲ್ಲಿ ಎಂದೂ ಕಟ್ಟದ ಕೊಳವೆ ದಖ್ಖನ್ನಿನ ಚಳಿಗಾಲದ ರಾತ್ರಿಗಳಲ್ಲಿ ಕಟ್ಟಬಹುದು. ದೊಡ್ಡ ಚರಂಡಿಗೆ ಇಳಿದ ಜಿಡ್ಡು ಅಲ್ಲಿರುವ ಕ್ಯಾಲ್ಸಿಯಂ ಜೊತೆ ಕೂಡಿ ಒಂದು ಬಗೆಯ ಗಟ್ಟಿ ಸಾಬೂನಾಗಿ ಮಾರ್ಪಡುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದ ಚರಂಡಿಯಲ್ಲಿ ಹೀಗೆ ಬೆಳೆದ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಜಿಡ್ಡಿನ ಬಂಡೆ ಸಿಕ್ಕಿತ್ತು. ಎಣ್ಣೆಯನ್ನು ಎಂದೂ ಸಿಂಕಿಗೆ ಸುರಿಯಬಾರದು; ಜಿಡ್ಡಿನ ಬಾಣಲೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯಬೇಕು.

ಈ ನಾಲ್ಕನ್ನೂ ಬಿಟ್ಟರೆ ಉಳಿಯುವ ಸೌತೆ, ಸೋರೆ, ಟೊಮೆಟೊ, ಬದನೆ, ಪಪ್ಪಾಯಿ ಮೊದಲಾದವುಗಳ ಚೂರುಗಳು, ತೊಳೆಯುವಾಗ ತಟ್ಟೆಯಿಂದ ಬೀಳುವ ಪಲ್ಯದ ಮತ್ತು ಸಾರಿನ ಉಳಿಕೆ, ನಿಂಬೆಯ ಸಣ್ಣ ಹೋಳು ಇವು ಯಂತ್ರಕ್ಕೆ ಯೋಗ್ಯವಾದ ಆಹಾರ.

ಬಳಸುವ ಕ್ರಮ

ಕ್ರಮ ಸರಳವಾದದ್ದು, ಆದರೆ ಅದರ ಪ್ರತಿ ಹೆಜ್ಜೆಗೂ ಕಾರಣವಿದೆ. ಮೊದಲು ತಣ್ಣೀರಿನ ನಲ್ಲಿ ತಿರುಗಿಸಬೇಕು, ಆಮೇಲೆ ಯಂತ್ರದ ಸ್ವಿಚ್ ಹಾಕಬೇಕು, ಆಮೇಲೆ ಕಸವನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ತಣ್ಣೀರೇ ಏಕೆಂದರೆ, ಕಸದಲ್ಲಿ ಅಲ್ಪಸ್ವಲ್ಪ ಇದ್ದೇ ಇರುವ ಜಿಡ್ಡು ತಣ್ಣೀರಿನಲ್ಲಿ ಗಟ್ಟಿಯಾಗಿಯೇ ಉಳಿದು ಪುಡಿಯಾಗಿ ಹರಿದುಹೋಗುತ್ತದೆ. ಬಿಸಿನೀರು ಅದನ್ನು ಕರಗಿಸಿ, ಮುಂದೆ ತಣಿದ ಕೊಳವೆಯ ಗೋಡೆಗೆ ಪದರವಾಗಿ ಅಂಟಿಸುತ್ತದೆ. ಕಸ ತುಂಬಿಸಿ ಆಮೇಲೆ ಯಂತ್ರ ಚಾಲೂ ಮಾಡಿದರೆ ಮೋಟಾರು ನಿಂತ ಸ್ಥಿತಿಯಿಂದ ಹೊರೆಯನ್ನು ಎಳೆಯಬೇಕಾಗಿ ಬಂದು ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಮುಚ್ಚಳ ಹಾಕಿದರೆ ಮಾತ್ರ ನಡೆಯುವ ಮಾದರಿಗಳಲ್ಲಿ ಕಸವನ್ನು ಮೊದಲೇ ತುಂಬಬೇಕಾದ್ದರಿಂದ, ಅಲ್ಲಿ ಕೋಣೆಯ ಅರ್ಧಕ್ಕಿಂತ ಹೆಚ್ಚು ತುಂಬದಿರುವುದು ಒಳ್ಳೆಯದು; ಮಕ್ಕಳಿರುವ ಮನೆಗೆ ಈ ಮಾದರಿಯೇ ಸುರಕ್ಷಿತ.

ಅರೆಯುವ ಸದ್ದು ನಿಂತು ಬರಿಯ ಮೋಟಾರಿನ ಸದ್ದು ಕೇಳಿದ ಮೇಲೂ ಯಂತ್ರ ಮತ್ತು ನೀರು ಎರಡನ್ನೂ ಇನ್ನೂ ಹದಿನೈದು ಇಪ್ಪತ್ತು ಸೆಕೆಂಡು ನಡೆಸಬೇಕು. ಕಣಗಳು ಯಂತ್ರದಿಂದ ಹೊರಬಿದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅವು ಸಿಂಕಿನ ಕೆಳಗಿನ ಬಾಗುಕೊಳವೆಯನ್ನೂ ಅಡ್ಡಕೊಳವೆಯನ್ನೂ ದಾಟಿ ಲಂಬವಾದ ದೊಡ್ಡ ಕೊಳವೆಯನ್ನು ಸೇರಬೇಕು. ಕೊಳಚೆ ಸಾಗುವಾಗ ಕಣಗಳು ತಳಕ್ಕೆ ಕೂರದಿರಲು ಕನಿಷ್ಠ ಸೆಕೆಂಡಿಗೆ 0.6 ಮೀಟರ್ ವೇಗ ಬೇಕೆಂಬುದು ಭಾರತದ ಚರಂಡಿ ಎಂಜಿನಿಯರಿಂಗಿನ ನಿಯಮ. ಸಣಕಲು ಧಾರೆಗೆ ಆ ವೇಗ ಬರುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ನೀರು ಕಡಿತವಾದ ದಿನ, ದುರಸ್ತಿಗಾಗಿ ನಲ್ಲಿ ನಿಂತ ದಿನ ಡಿಸ್ಪೋಸರನ್ನು ಮುಟ್ಟದಿರುವುದೇ ಸರಿ.

ನಿಮಿಷಕ್ಕೆ ಆರು ಲೀಟರಿನ ಧಾರೆಯಲ್ಲಿ ದಿನಕ್ಕೆ ಮೂರು ನಿಮಿಷ ಯಂತ್ರ ನಡೆಸಿದರೆ 18 ಲೀಟರ್ ನೀರು ಖರ್ಚಾಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರದ ಮಾನದಂಡದಂತೆ ನಾಲ್ವರ ಮನೆಗೆ ಸಲ್ಲುವ 540 ಲೀಟರಿನಲ್ಲಿ ಇದು ನೂರಕ್ಕೆ ಮೂರು ಚಿಲ್ಲರೆ ಪಾಲು. ಯಂತ್ರ 500 ವಾಟ್ ಎಳೆಯುತ್ತದೆಂದು ಹಿಡಿದರೆ ತಿಂಗಳ ವಿದ್ಯುತ್ತು ಒಂದು ಯೂನಿಟ್ಟಿಗೂ ಕಡಿಮೆ. ಮನೆಯ ಮಟ್ಟಿಗೆ ಖರ್ಚು ಅಲ್ಪವೇ. ದೊಡ್ಡ ಲೆಕ್ಕ ಇರುವುದು ಮನೆಯ ಆಚೆ.

ಪಾಲನೆ ಮತ್ತು ದುರಸ್ತಿ

ಡಿಸ್ಪೋಸರಿನ ಬಗ್ಗೆ ಬರುವ ದೂರುಗಳಲ್ಲಿ ಮೊದಲನೆಯದು ದುರ್ವಾಸನೆ. ಅದರ ಮೂಲ ಸಾಮಾನ್ಯವಾಗಿ ಅರೆಯುವ ಕೋಣೆಯಲ್ಲಿ ಇರುವುದಿಲ್ಲ. ಸಿಂಕಿನ ಬಾಯಿಯಲ್ಲಿರುವ ರಬ್ಬರ್ ಪಟ್ಟಿಗಳ ಅಡಿಯಲ್ಲಿ ಇರುತ್ತದೆ. ಕಸ ಮೇಲಕ್ಕೆ ಸಿಡಿಯದಂತೆ ತಡೆಯುವ ಈ ಪಟ್ಟಿಗಳ ಕೆಳಮೈಗೆ ನೀರಿನ ಧಾರೆ ತಾಗದ ಕಾರಣ, ಅಲ್ಲಿ ಅಂಟಿದ ಕಣಗಳ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. ವಾರಕ್ಕೊಮ್ಮೆ ಪ್ಲಗ್ ಕಿತ್ತು, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಪಾತ್ರೆ ತೊಳೆಯುವ ಸಾಬೂನು ಹಚ್ಚಿ, ಪ್ರತಿ ಪಟ್ಟಿಯನ್ನೂ ಮಗುಚಿ ಉಜ್ಜಿದರೆ ವಾಸನೆಯ ಬಹುಪಾಲು ಹೋಗುತ್ತದೆ. ಕೋಣೆಯ ಒಳಗೋಡೆಯನ್ನು ಶುಚಿಗೊಳಿಸಲು ಒಂದು ಬಟ್ಟಲು ಮಂಜುಗಡ್ಡೆ ಮತ್ತು ಒಂದು ಹಿಡಿ ಕಲ್ಲುಪ್ಪು ಹಾಕಿ ತಣ್ಣೀರಿನೊಂದಿಗೆ ಯಂತ್ರ ನಡೆಸುವುದು ರೂಢಿಯ ಉಪಾಯ; ಮಂಜಿನ ಚೂರುಗಳು ಗೋಡೆಗೆ ತಾಗಿ ಜಿಡ್ಡನ್ನು ಕೆರೆಯುತ್ತವೆ. ಅಡಿಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದರೆ ನೊರೆಯೇನೋ ಏಳುತ್ತದೆ, ಆದರೆ ಕ್ಷಾರ ಮತ್ತು ಆಮ್ಲ ಒಂದನ್ನೊಂದು ತಟಸ್ಥಗೊಳಿಸುವುದರಿಂದ ಕೊನೆಗೆ ಉಳಿಯುವುದು ಶಕ್ತಿಯಿಲ್ಲದ ಲವಣದ ನೀರು. ಇದಕ್ಕಿಂತ ಒಳ್ಳೆಯದು ಸಿಂಕಿನ ಬಾಯಿ ಮುಚ್ಚಿ, ಅರ್ಧ ಸಿಂಕ್ ಸಾಬೂನು ನೀರು ತುಂಬಿ, ಬಿರಡೆ ಎತ್ತಿದೊಡನೆ ಯಂತ್ರ ಚಾಲೂ ಮಾಡುವುದು; ಒಮ್ಮೆಗೇ ನುಗ್ಗುವ ನೀರು ಕೋಣೆಯನ್ನೂ ಕೊಳವೆಯನ್ನೂ ತುಂಬಿ ತೊಳೆಯುತ್ತದೆ.

ಕಟ್ಟಿದ ಕೊಳವೆ ಬಿಡಿಸಲು ಅಂಗಡಿಯಲ್ಲಿ ಸಿಗುವ ಕಾಸ್ಟಿಕ್ ಸೋಡಾದ ಪುಡಿಗಳನ್ನು ಡಿಸ್ಪೋಸರ್ ಇರುವ ಸಿಂಕಿಗೆ ಹಾಕಬಾರದು. ಅವು ರಬ್ಬರ್ ಸೀಲುಗಳನ್ನು ಹಾಳುಮಾಡುತ್ತವೆ, ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತವೆ, ಮತ್ತು ಕೊಳವೆ ಬಿಡದಿದ್ದರೆ ಆಮೇಲೆ ಅದನ್ನು ಬಿಚ್ಚಲು ಬರುವ ಪ್ಲಂಬರನ ಕೈ ಮತ್ತು ಕಣ್ಣನ್ನು ಸುಡುತ್ತವೆ.

ಯಂತ್ರ ಕೆಟ್ಟಂತೆ ತೋರಿದಾಗ ಅದರ ಸದ್ದೇ ಕಾರಣವನ್ನು ಸೂಚಿಸುತ್ತದೆ. ಸ್ವಿಚ್ ಹಾಕಿದಾಗ ಗುಂಯ್‌ಗುಟ್ಟುತ್ತ ತಿರುಗದೆ ನಿಂತರೆ ತಟ್ಟೆ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ತಿರುಗಲಾಗದ ಮೋಟಾರು ಸಾಮಾನ್ಯಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆದು ಕಾಯುವುದರಿಂದ ತಕ್ಷಣ ಸ್ವಿಚ್ ಆರಿಸಿ, ಪ್ಲಗ್ ಕೀಳಬೇಕು. ಹೆಚ್ಚಿನ ಯಂತ್ರಗಳ ತಳದ ನಡುವೆ ಆರು ಮೂಲೆಯ ಒಂದು ಗುಳಿ ಇರುತ್ತದೆ. ಯಂತ್ರದ ಜೊತೆಗೆ ಕೊಡುವ ಎಲ್ ಆಕಾರದ ಆಲನ್ ಕೀಯನ್ನು ಅದರೊಳಗೆ ಇಟ್ಟು ಎಡಕ್ಕೂ ಬಲಕ್ಕೂ ತಿರುಗಿಸಿದರೆ ಮೋಟಾರಿನ ದಂಡವೇ ಅಲುಗಿ ಸಿಕ್ಕಿದ ತುಂಡು ಸಡಿಲವಾಗುತ್ತದೆ. ಆಮೇಲೆ ಟಾರ್ಚ್ ಹಿಡಿದು ಮೇಲಿನಿಂದ ನೋಡಿ, ಚಮಚವೋ ಗೊರಟೆಯೋ ಕಂಡರೆ ಇಕ್ಕಳದಿಂದ ತೆಗೆಯಬೇಕು. ಪ್ಲಗ್ ಕಿತ್ತಿದ್ದರೂ ಅರೆಯುವ ಕೋಣೆಯೊಳಗೆ ಕೈ ಹಾಕಕೂಡದು ಎಂಬ ನಿಯಮಕ್ಕೆ ವಿನಾಯಿತಿ ಇಲ್ಲ.

ಸ್ವಿಚ್ ಹಾಕಿದಾಗ ಸದ್ದೇ ಬರದಿದ್ದರೆ, ಅತಿಯಾಗಿ ಕಾದ ಮೋಟಾರನ್ನು ಕಾಪಾಡುವ ಸುರಕ್ಷಾ ಗುಂಡಿ ಹೊರಕ್ಕೆ ಜಿಗಿದಿರಬಹುದು. ಮೋಟಾರನ್ನು ಹತ್ತು ಹದಿನೈದು ನಿಮಿಷ ತಣಿಯಗೊಟ್ಟ ಮೇಲೆ ಯಂತ್ರದ ತಳದಲ್ಲಿರುವ ಈ ಕೆಂಪು ಗುಂಡಿಯನ್ನು ಒತ್ತಿದರೆ ಯಂತ್ರ ಮತ್ತೆ ನಡೆಯುತ್ತದೆ. ಪದೇ ಪದೇ ಜಿಗಿಯುತ್ತಿದ್ದರೆ ತಜ್ಞರಿಗೆ ತೋರಿಸಬೇಕು. ಯಂತ್ರ ಸರಿಯಾಗಿ ತಿರುಗುತ್ತಿದ್ದೂ ನೀರು ನಿಂತರೆ ದೋಷ ಯಂತ್ರದ್ದಲ್ಲ, ಬಾಗುಕೊಳವೆಯದು. ಅದರ ಕೆಳಗೆ ಬಕೆಟ್ ಇಟ್ಟು, ಕೈಯಿಂದಲೇ ತಿರುಚಿ ಬಿಚ್ಚಿ, ತೊಳೆದು ಜೋಡಿಸಬಹುದು. ನೀರಿನ ಪಕ್ಕದಲ್ಲೇ ವಿದ್ಯುತ್ತು ಇರುವ ಜಾಗವಾದ್ದರಿಂದ, ಸಿಂಕಿನ ಕೆಳಗಿನ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದೊಡನೆ ಕಡಿಯುವ ಸುರಕ್ಷಾ ಸ್ವಿಚ್ ಇರಲೇಬೇಕು.

ಕೊಳವೆಯ ಆಚೆ

ಅರೆದ ಆಹಾರ ನೀರಿಗೆ ಸೇರಿದಾಗ ನಡೆಯುವುದನ್ನು ಅಳೆಯಲು ವಿಜ್ಞಾನಿಗಳು ಬಳಸುವ ಮಾನಕ್ಕೆ ಬಿಒಡಿ ಎಂದು ಹೆಸರು. ನೀರಿನಲ್ಲಿರುವ ಜೈವಿಕ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸುವಾಗ ಎಷ್ಟು ಆಮ್ಲಜನಕ ಬಳಸಿಕೊಳ್ಳುತ್ತವೆ ಎಂಬುದರ ಲೆಕ್ಕವಿದು. ಸ್ನಾನಕ್ಕೆ ಯೋಗ್ಯವಾದ ನದಿಯ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದೆಂಬುದು ಭಾರತದ ಮಾನದಂಡ; ಮನೆಗಳ ಸಂಸ್ಕರಿಸದ ಕೊಳಚೆಯಲ್ಲಿ ಅದು 250 ಮಿಲಿಗ್ರಾಂ ಆಸುಪಾಸು ಇರುತ್ತದೆ.

ಕೇಂದ್ರ ಸರ್ಕಾರದ 2013ರ ಚರಂಡಿ ಕೈಪಿಡಿ ಪ್ರತಿ ವ್ಯಕ್ತಿಯ ಕೊಳಚೆಯಲ್ಲಿ ದಿನಕ್ಕೆ 27 ಗ್ರಾಂ ಬಿಒಡಿ ಮತ್ತು ಸುಮಾರು 40 ಗ್ರಾಂ ತೇಲುಘನ ಪದಾರ್ಥ ಇರುತ್ತದೆಂದು ಲೆಕ್ಕ ಹಿಡಿಯುತ್ತದೆ. ಅಂದರೆ ನಾಲ್ವರ ಮನೆಗೆ 160 ಗ್ರಾಂ ಘನ. ಅದೇ ಮನೆ ದಿನಕ್ಕೆ ಅರ್ಧ ಕಿಲೋ ಹಸಿಕಸವನ್ನು ಅರೆದು ಬಿಟ್ಟರೆ, ಮುಕ್ಕಾಲು ಪಾಲು ನೀರನ್ನು ಕಳೆದ ಮೇಲೂ 125 ಗ್ರಾಂ ಒಣ ಪದಾರ್ಥ ಕೊಳವೆಗೆ ಇಳಿಯುತ್ತದೆ. ಅದರಲ್ಲಿ ಒಂದಂಶ ನೀರಿನಲ್ಲಿ ಕರಗುತ್ತದೆಯಾದರೂ, ಆ ಮನೆಯ ಕೊಳಚೆಯ ಹೊರೆ ಮುಕ್ಕಾಲು ಪಾಲಿನವರೆಗೂ ಏರಬಹುದು ಎಂಬುದನ್ನು ಮರೆಯಲಾಗದು. ಬಹುಮಹಡಿ ಸಂಕೀರ್ಣಗಳಲ್ಲಿರುವ ಸ್ವಂತ ಶುದ್ಧೀಕರಣ ಘಟಕಗಳನ್ನು ಇಂಥ ಹೆಚ್ಚಿನ ಹೊರೆಯ ಅಂದಾಜಿನಿಂದ ಕಟ್ಟಿರುವುದಿಲ್ಲ. ಮನೆಗಳು ಒಂದೊಂದಾಗಿ ಯಂತ್ರ ಕೂಡಿಸುತ್ತ ಹೋದರೆ ಗಾಳಿ ಊದುವ ಬ್ಲೋಯರುಗಳು ಸಾಲದಾಗಿ, ಘಟಕ ನಾರತೊಡಗುತ್ತದೆ.

ನ್ಯೂಯಾರ್ಕ್ ನಗರ ಮಳೆನೀರು ಮತ್ತು ಕೊಳಚೆ ಒಂದೇ ಕೊಳವೆಯಲ್ಲಿ ಹರಿಯುವ ಪ್ರದೇಶಗಳಲ್ಲಿ ಡಿಸ್ಪೋಸರನ್ನು ದೀರ್ಘಕಾಲ ನಿಷೇಧಿಸಿ, 1997ರಲ್ಲಷ್ಟೇ ಆ ನಿಷೇಧ ತೆಗೆಯಿತು. ಜಪಾನಿನ ನಗರಗಳಲ್ಲಿ ವಸತಿ ಸಂಕೀರ್ಣದ ತಳದಲ್ಲೇ ಅರೆದ ಕಸಕ್ಕೆಂದು ಪ್ರತ್ಯೇಕ ಸಂಸ್ಕರಣಾ ತೊಟ್ಟಿ ಕಟ್ಟುವ ಪದ್ಧತಿ ಬೆಳೆದಿದೆ. ಪುಣೆಯ ಹೊಸ ಸಂಕೀರ್ಣಗಳು ಅನುಸರಿಸಬಹುದಾದ ಮಾದರಿ ಇದು.

ಪುಣೆಯಲ್ಲಿ ಈ ವಿಚಾರಕ್ಕೆ ತೂಕ ಹೆಚ್ಚು. ಮುಳಾ ಮತ್ತು ಮುಠಾ ನದಿಗಳು ನಗರದ ನಡುವೆಯೇ ಕೂಡಿ ಮುಳಾ‑ಮುಠಾ ಎಂಬ ಹೆಸರಿನಲ್ಲಿ ಪೂರ್ವಕ್ಕೆ ಹರಿದು ಭೀಮಾ ನದಿಯನ್ನು ಸೇರುತ್ತವೆ. ನಗರದ ಕೊಳಚೆಯಲ್ಲಿ ಒಂದು ಪಾಲು ಸಂಸ್ಕರಣೆಯಿಲ್ಲದೆ ಈ ನದಿಗಳಿಗೆ ಬೀಳುತ್ತ ಬಂದ ಕಾರಣದಿಂದಲೇ, ದಿನಕ್ಕೆ 39.6 ಕೋಟಿ ಲೀಟರ್ ಸಾಮರ್ಥ್ಯದ 11 ಹೊಸ ಶುದ್ಧೀಕರಣ ಘಟಕಗಳ ಯೋಜನೆಗೆ ಜಪಾನಿನ ಸಾಲದ ನೆರವಿನಿಂದ 2016ರಲ್ಲಿ ಮಂಜೂರಾತಿ ದೊರೆಯಿತು. ಭೀಮೆ ಅಲ್ಲಿಂದ ಉಜನಿ ಜಲಾಶಯವನ್ನೂ ಪಂಢರಪುರವನ್ನೂ ದಾಟಿ ಕರ್ನಾಟಕದೊಳಗೆ ಬರುತ್ತದೆ. ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ನೀರಾಗಿ, ದೇವಲಗಾಣಗಾಪುರದ ಸಂಗಮದಲ್ಲಿ ತೀರ್ಥವಾಗಿ, ಕಲಬುರಗಿ ನಗರದ ಕುಡಿಯುವ ನೀರಿನ ಒಂದು ಪಾಲಾಗಿ, ಕೊನೆಗೆ ರಾಯಚೂರು ಜಿಲ್ಲೆಯ ಕಾಡ್ಲೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಮೇಲಿನ ಊರಿನ ಕೊಳೆಯ ಬಹುಭಾಗ ದಾರಿಯಲ್ಲೇ ಕೊಳೆತು ಕರಗಬಹುದು, ಆದರೆ ಅದರ ಸಾರಜನಕ ಮತ್ತು ರಂಜಕ ನೀರಿನಲ್ಲೇ ಉಳಿದು ಪಾಚಿಗೂ ಜಲಕಳೆಗೂ ಗೊಬ್ಬರವಾಗುತ್ತವೆ. ಪುಣೆಯ ಸಿಂಕು ಕನ್ನಡ ನಾಡಿನ ನೀರಿಗೂ ಸಂಬಂಧಪಟ್ಟ ವಿಷಯವಾಗುವುದು ಹೀಗೆ.

ಹಸಿಕಸದ ಇನ್ನೊಂದು ದಾರಿ

ಹಸಿಕಸಕ್ಕೆ ಇರುವ ದಾರಿ ಕೊಳವೆಯೊಂದೇ ಅಲ್ಲ ಎಂಬುದಕ್ಕೆ ಪುಣೆಯೇ ಸಾಕ್ಷಿ. 1993ರಲ್ಲಿ ಇಲ್ಲಿನ ಚಿಂದಿ ಆಯುವವರು ‘ಕಾಗದ್ ಕಾಚ್ ಪತ್ರಾ ಕಷ್ಟಕರೀ ಪಂಚಾಯತ್’ ಎಂಬ ಸಂಘ ಕಟ್ಟಿಕೊಂಡರು. ಅದರಿಂದ ಬೆಳೆದ ‘ಸ್ವಚ್ಛ್’ ಸಹಕಾರಿ ಸಂಸ್ಥೆ 2008ರಿಂದ ಮಹಾನಗರಪಾಲಿಕೆಯ ಒಪ್ಪಂದದ ಮೇರೆಗೆ ಮನೆಮನೆಯಿಂದ ಕಸ ಸಂಗ್ರಹಿಸುತ್ತಿದೆ. ಅದರ ಮೂರು ಸಾವಿರಕ್ಕೂ ಹೆಚ್ಚು ಸದಸ್ಯರಲ್ಲಿ ಬಹುಪಾಲು ಮಹಿಳೆಯರು. ಹಸಿಕಸ, ಒಣಕಸ ಬೆರೆಯದೆ ಬಂದರೆ ಅವರ ಕೈ ಶುಚಿಯಾಗಿರುತ್ತದೆ, ಒಣಕಸಕ್ಕೆ ಬೆಲೆಯೂ ಸಿಗುತ್ತದೆ. ಇತ್ತ ಊರ ಕಸವನ್ನೆಲ್ಲ ಹೊತ್ತು ಬಳಲಿದ ಉರುಳಿ ದೇವಾಚಿ ಮತ್ತು ಫುರಸುಂಗಿ ಗ್ರಾಮಗಳ ಜನ ಕಸದ ಲಾರಿಗಳನ್ನು ತಡೆದು ನಡೆಸಿದ ಹೋರಾಟಗಳು, ಕಸವನ್ನು ಹುಟ್ಟಿದಲ್ಲೇ ಕರಗಿಸಬೇಕೆಂಬ ಪಾಠವನ್ನು ನಗರಕ್ಕೆ ಕಲಿಸಿದವು. ನಗರದ ನಾನಾ ಭಾಗಗಳಲ್ಲಿ ದಿನಕ್ಕೆ 5 ಟನ್ ಸಾಮರ್ಥ್ಯದ ಜೈವಿಕ ಅನಿಲ ಘಟಕಗಳು ಬಂದವು. ಅವೆಲ್ಲ ಒಂದೇ ಸಮನಾಗಿ ನಡೆದಿಲ್ಲವಾದರೂ ದಿಕ್ಕು ಸರಿಯಾದದ್ದು. 2016ರ ಘನತ್ಯಾಜ್ಯ ನಿಯಮಗಳು 5,000 ಚದರ ಮೀಟರಿಗಿಂತ ದೊಡ್ಡ ವಸತಿ ಸಂಕೀರ್ಣಗಳು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಹಸಿಕಸವನ್ನು ಸಂಸ್ಕರಿಸಬೇಕೆಂದು ಹೇಳಿದ್ದವು. ಗೊಬ್ಬರ ಮಾಡಿಕೊಳ್ಳುವ ಆಸ್ತಿಗಳಿಗೆ ಪುಣೆ ಪಾಲಿಕೆ ತೆರಿಗೆಯಲ್ಲಿ ರಿಯಾಯಿತಿಯನ್ನೂ ಕೊಡುತ್ತ ಬಂದಿದೆ.

ಅರೆದ ಹಸಿಕಸ ಎಷ್ಟು ಬೆಲೆಬಾಳುವ ವಸ್ತು ಎಂಬುದನ್ನು ತೋರಿಸಿದ್ದೂ ಪುಣೆಯ ಸಂಸ್ಥೆಯೇ. ಸಸ್ಯವಿಜ್ಞಾನಿ ಡಾ. ಆನಂದ ಕರ್ವೆ ಅವರು ಕಟ್ಟಿದ ‘ಆರ್ತಿ’ ಎಂಬ ಗ್ರಾಮೀಣ ತಂತ್ರಜ್ಞಾನ ಸಂಸ್ಥೆ, ಸೆಗಣಿಯ ಬದಲು ಅಡುಗೆಮನೆಯ ಪಿಷ್ಟ ಮತ್ತು ಆಹಾರದ ಉಳಿಕೆಯಿಂದ ನಡೆಯುವ ಪುಟ್ಟ ಜೈವಿಕ ಅನಿಲ ಸ್ಥಾವರವನ್ನು ರೂಪಿಸಿ 2006ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ದೊಡ್ಡ ಪ್ಲಾಸ್ಟಿಕ್ ನೀರಿನ ಟ್ಯಾಂಕಿನೊಳಗೆ ಅದಕ್ಕಿಂತ ಸ್ವಲ್ಪ ಚಿಕ್ಕ ಟ್ಯಾಂಕನ್ನು ಬೋರಲು ಹಾಕಿದ ರಚನೆಯದು. ಒಳಗೆ ಅನಿಲ ಹುಟ್ಟಿದಂತೆಲ್ಲ ಮೇಲಿನ ಟ್ಯಾಂಕು ಏರುತ್ತದೆ. ಸೆಗಣಿ ಎಂದರೆ ದನ ಈಗಾಗಲೇ ಜೀರ್ಣಿಸಿಕೊಂಡು ಉಳಿಸಿದ ಶೇಷ. ಆಹಾರದಲ್ಲಿ ಶಕ್ತಿ ಇನ್ನೂ ಪೂರ್ತಿ ಉಳಿದಿರುತ್ತದೆ. ಆದ್ದರಿಂದಲೇ ದಿನಕ್ಕೆ ಕಿಲೋ ಎರಡು ಕಿಲೋ ಪಿಷ್ಟ ಸಾಕೆಂಬುದು ಈ ಸ್ಥಾವರದ ವಿಶೇಷ. ಇಲ್ಲಿ ಅರೆಯುವಿಕೆಗೆ ನಿಜವಾದ ಅರ್ಥವಿದೆ. ಎರಡು ಸೆಂಟಿಮೀಟರಿನ ಘನಾಕಾರದ ತುಂಡನ್ನು ಎರಡು ಮಿಲಿಮೀಟರಿನ ಚೂರುಗಳಾಗಿಸಿದರೆ ಸಾವಿರ ಚೂರುಗಳಾಗುತ್ತವೆ, ಒಟ್ಟು ಮೇಲ್ಮೈ 24 ಚದರ ಸೆಂಟಿಮೀಟರಿನಿಂದ 240ಕ್ಕೆ ಏರುತ್ತದೆ. ಸೂಕ್ಷ್ಮಜೀವಿಗಳಿಗೆ ಬಾಯಿ ಹಾಕಲು ಹತ್ತು ಪಟ್ಟು ಜಾಗ ಸಿಗುತ್ತದೆ. ನದಿಗೆ ಹೊರೆಯಾಗುವ ಅದೇ ಗುಣ ಸ್ಥಾವರದಲ್ಲಿ ವರವಾಗುತ್ತದೆ.

ಹೀಗಾಗಿ ಡಿಸ್ಪೋಸರ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಯಂತ್ರವನ್ನಷ್ಟೇ ನೋಡಿ ಉತ್ತರ ಕೊಡಲಾಗದು. ಅದನ್ನು ಕೊಳ್ಳುವ ಮೊದಲು ವಸತಿ ಸಂಕೀರ್ಣದ ಶುದ್ಧೀಕರಣ ಘಟಕ ನೋಡಿಕೊಳ್ಳುವವರನ್ನು ಕೇಳಿ, ಆ ಘಟಕ ಹೆಚ್ಚಿನ ಹೊರೆ ತಾಳುತ್ತದೆಯೇ ಎಂದು ತಿಳಿದುಕೊಳ್ಳಬೇಕು. ಸಿಪ್ಪೆ, ನಾರು, ಗೊರಟೆ, ಉಳಿದ ಅನ್ನ ಇವೆಲ್ಲ ಹಸಿಕಸದ ಬುಟ್ಟಿಯ ಮೂಲಕ ಗೊಬ್ಬರಕ್ಕೋ ಅನಿಲಕ್ಕೋ ಹೋಗಲಿ. ಎಣ್ಣೆ ಸಿಂಕಿನಿಂದ ದೂರವೇ ಇರಲಿ. ಪಾತ್ರೆ ತೊಳೆಯುವಾಗ ತಪ್ಪದೆ ಜಾರುವ ಉಳಿಕೆ ಮಾತ್ರ ಧಾರಾಳ ತಣ್ಣೀರಿನೊಂದಿಗೆ ಯಂತ್ರಕ್ಕೆ ಇಳಿಯಲಿ. ಇಷ್ಟು ಪಾಲಿಸಿದ ಮನೆಯಲ್ಲಿ ಯಂತ್ರವೂ ಹೆಚ್ಚು ಕಾಲ ಬಾಳುತ್ತದೆ, ಕೊಳವೆಯೂ ಕಟ್ಟುವುದಿಲ್ಲ, ಕೆಳಗಿನ ಊರಿನವರು ಕುಡಿಯುವ ನೀರಿಗೆ ಆ ಮನೆಯಿಂದ ಹೆಚ್ಚಿನ ಹೊರೆಯೂ ಬೀಳುವುದಿಲ್ಲ.